ಕೋಟು, ನಂಬರ್ ೪೧೭

ರೂವಿಯ ಹೈಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಲಾಂಡ್ರಿ.
ಹತ್ತು ಗಂಟೆಗೆಲ್ಲ ಹೊರಗೂ ಕೆಂಡ, ಒಳಗೂ ಕೆಂಡ.
ದಿಶ್‌ದಾಶಗೆ ಗಂಜಿ ಹಾಕಿ, ಕೊರಳ ಗೊಂಡೆಯ ಅತ್ತರು ಹಾರದ ಹಾಗೆ
ಇಸ್ತ್ರಿ ತಿರುಗಿಸುವುದು ಒಂದು ವಿದ್ಯೆ.
ಜೇಬು ನೋಡುವುದು ಇನ್ನೊಂದು.

ಈ ನೀಲಿ ಕೋಟಿನ ಜೇಬಿನಲ್ಲಿ
ಪ್ರತಿ ಶನಿವಾರ ಸಿಗುತ್ತಿದ್ದದ್ದು ಹೋಟೆಲಿನ ಪುದೀನ ಮಿಠಾಯಿ,
ಜೊತೆಗೊಂದು ಹಾಳೆ: ಮೇಲೊಂದು ಸೊನ್ನೆ, ಕೆಳಗೆ ಆರು,
ಅದರ ಕೆಳಗೆ ಒತ್ತೊತ್ತಾಗಿ ಸೊನ್ನೆ, ಸೊನ್ನೆ, ಸೊನ್ನೆ.
ಕೋಟು ಬಂಗೇರರದು. ಕಾಲರಿನ ಬೆವರು ಮಾತ್ರ ವಾರಕ್ಕೊಬ್ಬರದು.
ಒಮ್ಮೆ ತೆಂಗಿನೆಣ್ಣೆ, ಒಮ್ಮೆ ಗಡ್ಡದ ಮದರಂಗಿ,
ಒಮ್ಮೆ ವಿಕ್ಸಿನ ವಾಸನೆ.
ಶುಕ್ರವಾರ ಯಾರು ವೇದಿಕೆ ಹತ್ತಿ "ಗೆದ್ದೆ" ಎನ್ನಬೇಕೋ
ಅವರ ಹೆಗಲಿಗೆ ಅದೇ ಕೋಟು.
ಅಷ್ಟೊಂದು ಗೆಲುವು, ಒಂದೇ ಕೋಟು.
ನನಗೆ ಆಗಲೇ ತಿಳಿಯಬೇಕಿತ್ತು.

ಮೂರನೇ ಮಹಡಿಯ ಸೆವ್ರಿನಾ ಬಾಯಿಯೂ
ಮಾರುವುದು ಇಂಥದೇ ಕಂಪೆನಿಯ ಸರಕು ಎನ್ನುತ್ತಾರೆ ಜನ.
ಹೌದು, ಅವಳ ಮೇಲೂ ಒಬ್ಬಳಿದ್ದಾಳೆ, ಕೆಳಗೆ ಸೊಹಾರಿನಲ್ಲಿ ಇಬ್ಬರು.
ಬರೆದರೆ ಅದೂ ಸೊನ್ನೆಗಳ ಮರವೇ.
ಅವಳ ಕಂಪೆನಿಯ ಪುಸ್ತಕದಲ್ಲೂ ಕೆಂಪು ಕಾರಿನ ಚಿತ್ರವಿದೆ;
ಅದನ್ನು ಹರಿದು ಕಪಾಟಿಗೆ ಹಾಸಿದ್ದಾಳೆ.
ಬಟ್ಟೆ ಪುಡಿ, ಡಬ್ಬಿಗೆ ಎರಡೂವರೆ ರಿಯಾಲ್.
ಒಮ್ಮೆ ನೊರೆ ಬರಲಿಲ್ಲ ಎಂದೆ. ಅರ್ಧ ಖಾಲಿ ಡಬ್ಬಿ ವಾಪಸು ಪಡೆದು,
ದುಡ್ಡು ಎಣಿಸಿಟ್ಟು, ಮುಖ ಊದಿಸಿಕೊಂಡು ಹೋದಳು.
"ನೀನೂ ಸೇರು" ಎಂದದ್ದು ಒಂದೇ ಸಲ, ಅದೂ ಬಾಗಿಲಲ್ಲಿ ನಿಂತು.
ತಿಂಗಳಿಗೆ ಇಪ್ಪತ್ತು ರಿಯಾಲ್ ದಾಟಿದರೆ ಅವಳಿಗೆ ಹಬ್ಬ.

ನಾಳೆ ಮಸ್ಕತ್ತಿನಲ್ಲಿ ಒಬ್ಬನೂ ಹೊಸದಾಗಿ ಸೇರದಿದ್ದರೂ
ಸೆವ್ರಿನಾಳ ಪುಡಿ ಖರ್ಚಾಗುತ್ತದೆ,
ನಾಳೆಯೂ ಅಂಗಿ ಕೊಳೆಯಾಗುತ್ತದಲ್ಲ.
ಅವಳ ದುಡ್ಡು ಬರುವುದು ಕೊಳೆಯಿಂದ.
ಬಂಗೇರರ ದುಡ್ಡು ಬರುತ್ತಿದ್ದದ್ದು ಮನುಷ್ಯರಿಂದ.

ಅವರೂ ಸರಕು ಮಾರುತ್ತಿದ್ದರಲ್ಲ? ಮಾರುತ್ತಿದ್ದರು.
ಗಾಜಿನದೊಂದು ಬಿಲ್ಲೆ. ನೀರಿನ ಲೋಟದ ಅಡಿ ಇಟ್ಟರೆ
ಮೈಯ ನೋವೆಲ್ಲ ಇಳಿಯುವುದಂತೆ. ಇನ್ನೂರ ನಲವತ್ತು ರಿಯಾಲ್.
ಸೇರಲಿಕ್ಕಲ್ಲದೆ, ನೀರು ಕುಡಿಯಲಿಕ್ಕೆಂದು
ಅದನ್ನು ಕೊಂಡವನನ್ನು ನಾನು ಕಂಡಿಲ್ಲ.

ಲಾಂಡ್ರಿ ಚೀಟಿಯ ಬೆನ್ನಿಗೆ ಒಂದು ರಾತ್ರಿ ಲೆಕ್ಕ ಹಾಕಿದೆ:
ಆರು, ಮೂವತ್ತಾರು, ಇನ್ನೂರ ಹದಿನಾರು...
ಒಂಬತ್ತನೇ ಸಾಲಿಗೆ ಒಂದು ಕೋಟಿ ಜನ ಬೇಕು.
ಒಂಟೆ ಕಾಯುವವರು, ತೊಟ್ಟಿಲ ಕೂಸುಗಳು,
ಇಡೀ ಒಮಾನ್ ಬಂದು ನಿಂತರೂ ಸಾಲದು.
ಸಾಲು, ಸಾಲದು, ಸಾಲ.
ನಮ್ಮ ಭಾಷೆ ಮೊದಲೇ ಹೇಳಿಟ್ಟಿತ್ತು.
ನಾನು ಲೆಕ್ಕ ಹಾಕಿದ್ದು ದುಡ್ಡು ಕಟ್ಟಿದ ಮೇಲೆ.

ಹೌದು, ನಾನೂ. ಒಂದು ಶುಕ್ರವಾರ ಆ ಕೋಟು ನಾನೂ ತೊಟ್ಟೆ,
ನಾನೇ ಇಸ್ತ್ರಿ ಹಾಕಿ. ಕಂಕುಳಲ್ಲಿ ಬಿಗಿಯುತ್ತಿತ್ತು.
"ಗೆದ್ದೆ" ಎಂದೆ. ಚಪ್ಪಾಳೆ ತಟ್ಟಿದವರಲ್ಲಿ
ನೀರಿನ ಟ್ಯಾಂಕರು ಓಡಿಸುವ ಇದಿನಬ್ಬ ಇದ್ದ.
ಅವನ ಹೆಸರನ್ನು ಸೊನ್ನೆಯೊಳಗೆ ಬರೆದದ್ದು ಈ ಕೈ.
ತಂಗಿಯ ಹೆರಿಗೆಗೆಂದು ಕೂಡಿಟ್ಟ ದುಡ್ಡು ಅದೆಂದು
ಆಮೇಲೆ ತಿಳಿಯಿತು.
ಆಮೇಲೆ ಎಂಬುದು ಸುಳ್ಳು.

ಬಂಗೇರರ ಫೋನು ಈಗ ಅರಬ್ಬಿಯಲ್ಲಿ ಏನೋ ಹೇಳಿ ಕಡಿಯುತ್ತದೆ.
ಕೋಟು ನಾನೂರ ಹದಿನೇಳನೇ ನಂಬರಿನಲ್ಲಿ ತೂಗುತ್ತಿದೆ.
ಮೂರು ತಿಂಗಳು ಕಳೆದರೆ ಅಂಗಡಿಯದು ಎಂದು ಬೋರ್ಡಿದೆ.
ಯಾರೂ ಮುಟ್ಟಿಲ್ಲ.

ಇದಿನಬ್ಬ ಮಾತು ಬಿಟ್ಟಿದ್ದಾನೆ, ಲಾಂಡ್ರಿ ಬಿಟ್ಟಿಲ್ಲ.
ಅವನ ಅಂಗಿ ಮಡಿಸುವಾಗ ಜೇಬಿನಲ್ಲಿ ಐದು ರಿಯಾಲ್ ಇಟ್ಟು
ಗುಂಡಿ ಹಾಕುತ್ತೇನೆ. ಅವನು ಏನೂ ಅನ್ನುವುದಿಲ್ಲ.
ಹದಿನಾಲ್ಕು ಅಂಗಿ ಆಯಿತು, ಇನ್ನು ಮೂವತ್ತನಾಲ್ಕು.

ನಿನ್ನೆ ಅವನು ತಂದಿಟ್ಟದ್ದನ್ನು ಬೆಳಕಿಗೆ ಹಿಡಿದು ನೋಡಿದೆ.
ಕಾಲರು ಬಿಳಿ, ತೋಳಿನ ಪಟ್ಟಿ ಬಿಳಿ.
ಅಂಗಿ ಕೊಳೆಯಾಗಿಯೇ ಇರಲಿಲ್ಲ.