ಎಲಿ ಆರಿಸೂದು

ಸವಣೂರ ಎಲಿಪ್ಯಾಟ್ಯಾಗ
ಮುಂಜಾನೆ ಏಳಕ್ಕ ಹೋಗಿ ನಿಂತೆ,
ಬಸ್ಸಿನ ಟಿಕೇಟು ಇನ್ನೂ ಮುಷ್ಟಿಯೊಳಗಿತ್ತು.
ಹಾವೇರಿಯಿಂದ ಬಂದೀನ್ರಿ, ಅಂದೆ.
ಕಾಲೇಜಿನ್ಯಾಗ ಗಣಿತ ಕಲಸ್ತೀನಿ.
ದಸ್ತಗೀರಸಾಬ ಎಲಿಗಾರ ತಲಿ ಎತ್ತಲಿಲ್ಲ.
ತೊಯ್ದ ಗೋಣಿತಟ್ಟಿನ ಮ್ಯಾಲೆ ಹಸರ ಗುಡ್ಡಿ,
ಎರಡು ಬೆರಳಿಗೆ ಒಂದು ಎಲಿ, ಒಂದ ನೋಟ,
ಇದು ಕಟ್ಟಿಗೆ, ಇದು ಆಡಿಗೆ.

ಪೋಕರ್‌ನ್ಯಾಗ ಸೋಲಾಕತ್ತೀನ್ರಿ, ಅಂದೆ,
ಡಾಕ್ಟರ ಮುಂದ ಮೂಲವ್ಯಾಧಿ ಹೇಳಿದಂಗ.
ಬಸ್‌ಸ್ಟ್ಯಾಂಡ ಹಿಂದಿನ ಲಾಡ್ಜು, ಮೂರನೇ ಮಾಳಿಗಿ,
ಐದ ಮಂದಿ, ಹದಿನೆಂಟು ಶನಿವಾರ.
ಲೆಕ್ಕ ನನಗ ಬರ್ತೈತಿ ಸಾಬ್ರ,
ಕೈಯಾಗ, ನೆಲದಾಗ ಕೂಡಿ ನಾಕ ಕಳಾವರ್ ಇದ್ದು
ಐದನೇದು ಬರೂ ಸಂಭವ
ನಾಲ್ವತ್ತಾರರೊಳಗ ಒಂಬತ್ತು ಅಂತ
ನಿದ್ದಿಗಣ್ಣಾಗ ಹೇಳ್ತೀನಿ.
ಆದ್ರೂ ಸೋಮವಾರ
ಕಿಸೆದಾಗ ಸೀಮೆಸುಣ್ಣ ಬಿಟ್ಟರ
ಏನೂ ಇರೂದಿಲ್ಲ.

(ಇಪ್ಪತ್ತು ವರ್ಷದ ಹಿಂದ ಹುಬ್ಬಳ್ಳಿಯೊಳಗ
ಇವರ ಎದರು ಕೂಡ್ರಾಕ
ದೊಡ್ಡ ದೊಡ್ಡ ವಕೀಲರು ಅಂಜತಿದ್ರಂತ.)

ಕೂಡ್ರು, ಅಂದ. ಈ ಗುಡ್ಡಿ ಆರಿಸು.
ಆರಿಸಿದೆ.
ನೂರು ಎಣಿಸಿ ಬಾಳಿನಾರು ಸುತ್ತಿ ಕೊಟ್ಟೆ.
ಅಂವ ನಾರು ಬಿಚ್ಚಿದ.
ತೂತು ಬಿದ್ದದ್ದು ಯಾಕ ಇಟ್ಟಿ?
ಉಳದದ್ದು ಹಸರ ಐತಲ್ರಿ.
ಇದು?
ಅಂಚಿಗಷ್ಟ ಹಳದಿ, ಕಾಣೂದಿಲ್ರಿ.
ಇದು?
ಅದು ಕೊಳತಿತ್ತು, ನನಗೂ ಗೊತ್ತಿತ್ತು.
ಅಷ್ಟೊತ್ತನಕ ಕೈಯಾಗ ಹಿಡದಿದ್ದೆ,
ಬಿಡಾಕ ಮನಸಾಗಲಿಲ್ಲ.

ಈಗ ಏನರ ಹೇಳ್ತಾನು ಅಂತ ಕಾದೆ.
ಹಿತ್ತಾಳಿ ಒಳ್ಳಿನೊಳಗ ಎಲಿ ಅಡಿಕಿ ಕುಟ್ಟಿದ,
ಹಲ್ಲಿಲ್ಲದ ಬಾಯಿಗೆ ಹಾಕ್ಕೊಂಡ,
ನನಗೂ ಒಂದು ಮಡಿಚಿ ಕೊಟ್ಟ.
ಆಡೂಮುಂದ ಎಲಿ ಹಾಕ್ತಿ?
ಹಾಕ್ತೀನ್ರಿ.
ಚಲೋ ಎಲಿ ಬಂದ್ರ ಅಗಿಯೂದು ನಿಲ್ಲಸ್ತಿಯಂತ.

ನನ್ನ ದವಡಿ ನಿಂತಿತು.
ಯಾರ ಹೇಳಿದ್ರು?
ನಮ್ಮ ತಂಗಿ ಮಗಾ, ಮೌಲಾಲಿ,
ಕಿಟಕಿ ಕಡೆ ಕೂಡ್ರಾಂವ.
ಪ್ರತಿ ಶನಿವಾರ ಹೆಗಲ ಮ್ಯಾಲೆ ಕೈಯಿಟ್ಟು
ಸರ, ಇವತ್ತ ನಸೀಬ ಇರಲಿಲ್ಲ ಬಿಡ್ರಿ ಅಂತ
ನನ್ನ ರೊಕ್ಕದಾಗ ನನಗ ಗಿರಮಿಟ್ ಕೊಡಸಾಂವ.
ಗಿರಮಿಟ್ ಮಾತ್ರ ಚಲೋ ಇರ್ತಿತ್ತು.

ಸೋತದ್ದು ಎಲ್ಲೆ ಬರದಿಟ್ಟಿ, ಅಂತ ಕೇಳಿದ.
ನೂರಾ ನಾಕ ಹುಡುಗರ ಹಾಜರಿ
ಒಂದ ದಿನ ತಪ್ಪಿಸಿದಾಂವ ಅಲ್ಲ ನಾನು.
ಸೋತದ್ದು ಬರದಿಲ್ರಿ. ಗೆದ್ದದ್ದು ನೆನಪೈತಿ,
ದೀಪಾವಳಿ ಮರುದಿನ, ಮೂರು ರಾಣಿ, ನಾಕ ಸಾವಿರ.
ಹೂಂ, ಅಂದ.
ಮತ್ತ ಎಲಿ ಆರಿಸಾಕತ್ತಿದ.

ನೀವ್ಯಾಕ ಬಿಟ್ರಿ ಸಾಬ್ರ? ಸೋತ್ರೇನು?
ಇಲ್ಲ, ಗೆಲ್ಲಾಕತ್ತಿದ್ದೆ.
ಎದರು ಕೂಡ್ರತಿದ್ದಾಂವ ಒಂದಿನ
ಹಿಂಗ ಮುಂಜಾನೆ ಕೇಳಾಕ ಬಂದಿದ್ದ.
ನಾ ಏನೂ ಹೇಳಲಿಲ್ಲ.

ತಕ್ಕಡಿ ಬಾಜೂಕ ನೀರಿನ ತಂಬಿಗಿ,
ಅದರೊಳಗ ಕೈ ಅದ್ದಿ ಗುಡ್ಡಿ ಮ್ಯಾಲೆ ಚಿಮುಕಿಸಿದ.
ಬ್ಯಾರೆ ಗಿರಾಕಿ ಬಂದ್ರು.
ಎದ್ದು ನಿಂತಾಗ ಕರದು ಹೇಳಿದ,
ನೀ ಕಟ್ಟಿದ ಕಟ್ಟಿಗೆ ನಾಲ್ವತ್ತು ರೂಪಾಯಿ,
ಅದನ್ನ ಯಾರೂ ತಗೊಳ್ಳೂದಿಲ್ಲ.
ಕೊಟ್ಟೆ. ಕಟ್ಟೂ ತಂದೆ.

ಮುಂದಿನ ಶನಿವಾರ, ಮೂರನೇ ಮಾಳಿಗಿ.
ಫ್ಯಾನಿನ ಕೆಳಗ ಒಂದ ಸಮ ಅಗದೆ,
ಎಮ್ಮಿ ಮೆಲಕು ಹಾಕಿದಂಗ.
ಹದಿನಾರು ಸಲ ಎಲಿ ಮಗಚಿಟ್ಟು ಕೈ ಕಟ್ಟಿ ಕುಂತೆ,
ಮೈ ತುಂಬ ತುರಿಕಿ ಬಂದಂಗಾಗತಿತ್ತು.
ಸರ, ಆರಾಮ ಇಲ್ಲೇನ್ರಿ? ಮೌಲಾಲಿ ಕೇಳಿದ,
ಕಣ್ಣು ನನ್ನ ದವಡಿ ಮ್ಯಾಲೆ.
ಜೋಡಿ ಎಕ್ಕಾ ಬಂದಾಗೂ ಅಗದೆ.
ಮೂವರು ಬಿಟ್ರು, ಅಂವ ಬಿಡಲಿಲ್ಲ.
ಕಡೀಕ ಅಂವನ ಕಡೆ ಮೂರು ಏಳು ಇದ್ದವು.

ಮನಿಗೆ ಬಂದು ಹಾಜರಿ ಪುಸ್ತಕದ ಹಿಂದಿನ ಪುಟದಾಗ
ಕೆಂಪ ಪೆನ್ನಿಲೆ ಬರದೆ: ಆರನೂರಾ ಹತ್ತು.
ಅದರ ಮ್ಯಾಲೆ ಹದಿನೆಂಟು ಗೆರಿ
ಖಾಲಿ ಬಿಟ್ಟೀನಿ.
ಒಂದೊಂದ ನೆನಪಾದಂಗ ತುಂಬಬೇಕು.
ಹೆಂಡತಿ ದೀಪ ಆರಸು ಅಂದಳು.
ಇನ್ನೊಂದೀಟು ಇರು, ಅಂದೆ,
ಮೊದಲನೇ ಶನಿವಾರ ಬರಾಕತ್ತೈತಿ.