ಒಳಗಿನ ಒಂದಿಂಚು

ಕಿನ್ನಿಮುಲ್ಕಿಯ ಬಸ್‌ಸ್ಟಾಪಿನ ನೆತ್ತಿಯ ಮೇಲೆ ನನ್ನ ಅಂಗಡಿ.
ಎರಡು ಮಿಷಿನ್ನು, ಒಂದು ನಿಲುವುಗನ್ನಡಿ,
ಕೆಳಗೆ ಕಂಡಕ್ಟರನ ಕೂಗು: ಕಟಪಾಡಿ, ಕಾಪು, ಪಡುಬಿದ್ರಿ.
ಹದಿನಾರು ವರ್ಷದಿಂದ ಊರ ಹೆಂಗಸರ ಸುತ್ತಳತೆ
ನನ್ನ ನೋಟುಬುಕ್ಕಿನಲ್ಲಿ ಉಂಟು.

ಗಂಡನಿಗಿಂತ, ಅತ್ತೆಗಿಂತ ಮೊದಲು
ಸುದ್ದಿ ಗೊತ್ತಾಗುವುದು ನನ್ನ ಟೇಪಿಗೆ.
"ಎದೆ ಹತ್ತಿರ ಸ್ವಲ್ಪ ಬಿಗಿ ಜಲಜಕ್ಕ, ಒಗೆದು ಕುಗ್ಗಿತೋ ಏನೋ"
ಎನ್ನುತ್ತಾಳೆ ಅಂಚೆ ಕಚೇರಿಯ ಶ್ರೀಲತಾ.
ಪಾಲಿಯೆಸ್ಟರ್ ಮಾರಾಯ್ತಿ ಅದು, ಕುಗ್ಗುವ ಜಾತಿಯಲ್ಲ.
ಹೇಳುವುದಿಲ್ಲ ನಾನು.
ಬ್ಲೇಡಿನ ತುದಿಯಲ್ಲಿ ಹೊಲಿಗೆ ಬಿಡಿಸುತ್ತೇನೆ.
ಒಳಗೆ ಮಡಚಿಟ್ಟ ಒಂದಿಂಚು ಬಟ್ಟೆ
ಬಿಸಿಲು ಕಾಣದ ಬಣ್ಣದಲ್ಲಿ ಹೊರಬರುತ್ತದೆ,
ನಿನ್ನೆ ಥಾನಿನಿಂದ ಕೊಯ್ದಷ್ಟು ಹೊಸದು.

ಆಮೇಲೆ ಬಯಕೆಯ ಹಸಿರು ಸೀರೆಗೆ ಬ್ಲೌಸು.
ಏಳನೇ ತಿಂಗಳಲ್ಲಿ ತೋಳೂ ದಪ್ಪ.
ಶಂಕರಪುರದ ಮಲ್ಲಿಗೆ ಅಟ್ಟೆಗೆ ಎಷ್ಟಾಯಿತು,
ಕೋಳಿಯ ಖರ್ಚು ಯಾರದು, ನಾದಿನಿ ಯಾಕೆ ಬರುವುದಿಲ್ಲವಂತೆ,
ಎಲ್ಲ ಹೇಳುತ್ತಾರೆ ಅಳತೆ ಕೊಡುತ್ತ,
ಎರಡೂ ಕೈ ಮೇಲೆತ್ತಿ
ಪೊಲೀಸರಿಗೆ ಶರಣಾದವರ ಹಾಗೆ.

ಹೆತ್ತು ನಲವತ್ತು ದಿನ ಕಳೆದು ಮತ್ತೆ ಬರುತ್ತಾರೆ
ಹಳೆಯ ಬ್ಲೌಸುಗಳ ಗಂಟು ಹೊತ್ತು:
ಬೆನ್ನಿನ ಹುಕ್ಕುಗಳನ್ನೆಲ್ಲ ಮುಂದಕ್ಕೆ ತರಬೇಕು.
ಕತ್ತಲಲ್ಲಿ, ನಿದ್ದೆಗಣ್ಣಲ್ಲಿ,
ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು.
ಇವಳು ತಾಯಿಯಾದದ್ದು ಯಾವತ್ತು ಎಂದು ಯಾರಾದರೂ ಕೇಳಿದರೆ
ನನ್ನ ರಸೀದಿ ಪುಸ್ತಕದಲ್ಲಿ ಆ ತಾರೀಕೇ ಇರುವುದು.

ಈ ಸಲ ಟೇಪು ನನ್ನ ಸೊಂಟಕ್ಕೇ ಬಂದಿದೆ.
ನಲವತ್ತರ ಹೊಸ್ತಿಲಲ್ಲಿ.
ಹಿಂದೆ ಎರಡು ಸಲ ಮೂರನೇ ತಿಂಗಳಲ್ಲಿ
ಅಜ್ಜರಕಾಡಿನಿಂದ ರಿಕ್ಷಾ ಹತ್ತಿ ಬರಿಗೈಯಲ್ಲಿ ಬಂದವಳು.
ಹೊಲಿಗೆ ಕಲಿಯುವ ಹುಡುಗಿ ಝುಲೈಖಾ
ನನ್ನನ್ನು ಸುತ್ತಿ, ಟೇಪಿನ ತುದಿ ಸಿಗದೆ ನಕ್ಕಳು.
"ಅಕ್ಕಾ, ಮೂವತ್ತೆಂಟು."
"ಬರಿ," ಎಂದೆ.
ಇಷ್ಟು ವರ್ಷದ ನೋಟುಬುಕ್ಕಿನಲ್ಲಿ
ನನ್ನ ಹೆಸರಿಗೊಂದು ಪುಟ ಇರಲಿಲ್ಲ.

ಬಯಕೆಯ ದಿನ ನಮ್ಮ ಚಾವಡಿಯ ತುಂಬ
ನಾನೇ ಹೊಲಿದ ಬ್ಲೌಸುಗಳು ಕೂತಿದ್ದವು.
ಯಾರ ತೋಳು ಎಳೆದಿದೆ, ಯಾರ ಕುತ್ತಿಗೆ ಜಾರಿದೆ
ಎಂದು ನೋಡುತ್ತ ನೋಡುತ್ತ
ಆರತಿಗೆ ತಲೆ ಬಾಗಿಸಲು ಮರೆತೆ.
ಶ್ರೀಲತಾ ಮಗುವನ್ನು ಸೊಂಟಕ್ಕಿಟ್ಟು ಬಂದು
ಮಡಿಲಿಗೆ ಕಾಯಿ, ಬಾಳೆಹಣ್ಣು ಹಾಕಿದಳು.
ಮಗು ಒಂದು ಹಣ್ಣು ವಾಪಸು ತೆಗೆದುಕೊಂಡಿತು.

"ಬಲ್ಲಿ, ಹುಟ್ಟುವ ಮೊದಲು ಹೊಲಿಯಬಾರದು,"
ಎನ್ನುತ್ತಾರೆ ಮಾಮಿ.
ಆ ಎರಡೂ ಸಲ ಹೊಲಿದಿದ್ದೆ, ಅವರಿಗೆ ಗೊತ್ತು.
ಆ ಅಂಗಿಗಳು ಯಾರ ಮಕ್ಕಳಿಗೆ ಹೋದವೆಂದು ಕೇಳಬೇಡಿ.

ದಾಮುವಿನ ಹಳೆಯ ಮುಂಡು ಹರಿದು ಚೌಕ ಮಾಡಿ
ಬಿಸಿನೀರಲ್ಲಿ ಅದ್ದಿ ಅಂಗಳಕ್ಕೆ ಹಾಕಿದ್ದೇನೆ.
ಹರಿಯುವುದು ಹೊಲಿಯುವುದಲ್ಲ.
ಕತ್ತರಿಸುವುದೂ ಅಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟು
ನಿನ್ನೆ ರಾತ್ರಿ ಶಟರು ಅರ್ಧ ಎಳೆದು
ಬಿಳಿ ಮಲ್ಲು ಬಟ್ಟೆಯಲ್ಲಿ ಎರಡು ತೋಳು, ಒಂದು ಬೆನ್ನು,
ಎದೆಯ ಎರಡು ಹೋಳು ಕತ್ತರಿಸಿದೆ.
ನನ್ನ ಅಂಗೈಗಿಂತ ಸ್ವಲ್ಪವೇ ದೊಡ್ಡವು.
ಎಲ್ಲ ಬದಿಗೂ ಬಿಟ್ಟಿದ್ದೇನೆ ಒಂದೊಂದು ಇಂಚು.
"ಇಷ್ಟು ಸಣ್ಣ ಅಂಗಿಗೆ ಅಷ್ಟು ಎಂತಕ್ಕೆ?"
ಬೆಳಿಗ್ಗೆ ಡ್ರಾವರು ಎಳೆದ ಝುಲೈಖಾ ಕೇಳಿದಳು.
ಡ್ರಾವರು ಮುಚ್ಚು ಎಂದೆ.

ಬಾಬಿನ್ನು ತುಂಬಿಸಿ, ಸೂಜಿಗೆ ದಾರ ಪೋಣಿಸಿ
ಮಿಷಿನ್ನಿನ ಕಾಲು ಮೇಲೆತ್ತಿಯೇ ಇಟ್ಟಿದ್ದೇನೆ.
ಒಳಗಿನದು ಒದ್ದಾಗಲೆಲ್ಲ
ಪೆಡಲಿನ ಮೇಲಿನ ನನ್ನ ಪಾದವೂ
ತಾನಾಗಿ ಅಲುಗುತ್ತದೆ.
ಇನ್ನೂ ಇಲ್ಲ, ಎನ್ನುತ್ತೇನೆ,
ಇಬ್ಬರಿಗೂ.