ಕಿಲೋಗೆ ನೂರು ಗ್ರಾಂ

ನಾಯಂಡಹಳ್ಳಿಯ ಗುಜರಿ ಸಾಲಿನಲ್ಲಿ
ಮೋರಿ ಬದಿಯ ಏಳನೇ ಶೆಡ್ಡು ನನ್ನದು.
ಬಾಗಿಲ ಮೇಲೆ ಆರೋಗ್ಯಮಾತೆ, ಕೆಳಗೆ ಎಲೆಕ್ಟ್ರಾನಿಕ್ ತಕ್ಕಡಿ.
ರದ್ದಿ, ರಟ್ಟು, ಹಾಲಿನ ಕವರು, ಹಿಡಿ ಮುರಿದ ಕುಕ್ಕರು,
ಯಾರದೋ ಮದುವೆ ಆಲ್ಬಮ್ಮಿನ ರೆಕ್ಸಿನ್ನು.
ಊರು ಬಿಸಾಕಿದ್ದೆಲ್ಲ ಸುತ್ತಿ ಬಳಸಿ
ಇಲ್ಲಿಗೇ ಮರಳುತ್ತದೆ.

ತಕ್ಕಡಿಯ ಹೊಟ್ಟೆಯಲ್ಲೊಂದು ತಿರುಪು.
ರಿಪೇರಿ ಹುಡುಗ ಇನ್ನೂರು ರೂಪಾಯಿ ಇಸಿದುಕೊಂಡು
ಅರ್ಧ ಸುತ್ತು ತಿರುಗಿಸಿ ಕೊಟ್ಟ.
ಅಂದಿನಿಂದ ಕಿಲೋಗೆ ನೂರು ಗ್ರಾಂ ನನ್ನ ಪಾಲು.
ಕಳ್ಳತನ ಅಂದುಕೊಳ್ಳಲಿಲ್ಲ.
ಪಕ್ಕದವನು ನೂರೈವತ್ತು ಹೊಡೆಯುತ್ತಿದ್ದ.

ಭಾನುವಾರದ ಪೂಜೆ ತಪ್ಪಿಸಿದವನಲ್ಲ.
ಕಾಣಿಕೆ ತಟ್ಟೆಗೆ ನೋಟು ಮಡಿಸದೆ ಹಾಕುತ್ತಿದ್ದೆ,
ಬಣ್ಣ ಕಾಣಲೆಂದು.
ಮಾತೆಯ ಹಬ್ಬದ ಸೀರಿಯಲ್ ಲೈಟು ವರ್ಷಾ ವರ್ಷ ನನ್ನದೇ ಲೆಕ್ಕ.
ದೇವರೂ ಒಬ್ಬ ಗಿರಾಕಿ,
ಅವನಿಗೂ ಅದೇ ತಕ್ಕಡಿಯಲ್ಲಿ ತೂಗಿ ಕೊಟ್ಟೆ.

ವಿಭೂತಿ ಬುಧವಾರ
ಸ್ವಾಮಿಗಳ ಹೆಬ್ಬೆರಳು ಹಣೆಗೆ ತಾಗಿತು.
ಹೋದ ವರ್ಷದ ಗರಿ ಅದು,
ಮನೆಮನೆಯ ಶಿಲುಬೆಯ ಹಿಂದೆ ಒಣಗಿದ್ದು,
ಕೇಳಿ ತರಿಸಿ ಸುಟ್ಟದ್ದು.
ಗರಿ ಕೂಡ ವಾಪಸು ಬಂದಿದೆ.
ಆ ಚಿಟಿಕೆ ಬೂದಿಗೆ ನನ್ನ ತಕ್ಕಡಿ ಮಿಸುಕದು,
ಆದರೂ ದಿನವಿಡೀ ನನಗೆ ತಲೆ ಎತ್ತಲಾಗಲಿಲ್ಲ.

ಸಂಜೆ, ಜಾಲರಿಯ ಆಚೆ ಒಂದು ಮುದಿ ಕೆಮ್ಮು.
ಎಲ್ಲ ಹೇಳಿದೆ.
ಹತ್ತು ಜಪಸರ ಅನ್ನುತ್ತಾರೆಂದು ಕಾದೆ.
"ಯಾರಿಗೆ ಕಮ್ಮಿ ತೂಗಿದೆಯಪ್ಪ? ಹೆಸರು ಹೇಳು."
ಹನುಮಕ್ಕ, ಅಂದೆ.
ಮುಂದೆ ನಾಲಿಗೆ ಹೊರಳಲಿಲ್ಲ.
ನಾಲ್ಕು ವರ್ಷ ದಿನಾ ಬಂದವರಲ್ಲಿ
ಒಬ್ಬಳಿಗೆ ಹೆಸರಿತ್ತು,
ಉಳಿದವರೆಲ್ಲ ಬರೀ ಮೂಟೆ.
"ಹಾಗಾದರೆ ದೇವರ ದಾರಿ ಅಲ್ಲಿಂದ," ಅಂದರು,
ಮತ್ತೆ ಕೆಮ್ಮಿದರು.

ರಾತ್ರಿ ತಿರುಪನ್ನು ಹಿಂದಕ್ಕೆ ತಿರುಗಿಸಿದೆ.
ಮನೆಯ ಸಕ್ಕರೆ ಪಾಕೀಟು ಇಟ್ಟು, ತೆಗೆದು, ಇಟ್ಟು
ಒಂದು ಕಿಲೋ ಒಂದು ಕಿಲೋ ಆಗುವ ತನಕ.

ಬೆಳಗ್ಗೆ ಆರಕ್ಕೆ ಹನುಮಕ್ಕ ಮೂಟೆ ಇಳಿಸಿದಳು.
ಮೂವತ್ತರ ಆಸುಪಾಸು ತೋರುತ್ತಿದ್ದ ಮೂಟೆ
ಮೂವತ್ತಮೂರು ತೋರಿತು.
ಅವಳು ಹುಬ್ಬೂ ಏರಿಸಲಿಲ್ಲ.
"ನನ್ನ ಹೆಗಲಿಗೆ ಮೊದಲಿಂದಲೂ ಅಷ್ಟೇ ಬರ್ತಿತ್ತು, ಇನ್ನಾಸಣ್ಣ."

ಕ್ಷಮಿಸು ಅಂದೆ.
"ಅದು ಆಮೇಲೆ. ಮೊದಲು ಲೆಕ್ಕ ಹಾಕು."

ಕ್ಯಾಲ್ಕುಲೇಟರು ತಂದೆ.
ದಿನಕ್ಕೆ ಮೂರು ಕಿಲೋ, ಕಿಲೋಗೆ ಹತ್ತು, ನಾಲ್ಕು ವರ್ಷ.
"ಭಾನುವಾರ ಬಿಡು, ನೀನು ಚರ್ಚಿಗೆ ಹೋಗ್ತಿದ್ದೆಯಲ್ಲ.
ಮಗಳ ಬಾಣಂತನದ ಎರಡು ತಿಂಗಳು ಬಿಡು,
ಮಳೆ ಹೊಡೆದ ದಿನ ಬಿಡು,
ರಟ್ಟು ನೆಂದು ತೂಕ ಜಾಸ್ತಿ ಬಂದ ದಿನವೂ ಬಿಡು."
ಬೆರಳು ಮಡಿಸುತ್ತ ಮಡಿಸುತ್ತ
ಅವಳೇ ನನ್ನ ಸಾಲ ಕಳೆಯುತ್ತಿದ್ದಳು,
ಒಂದು ದಿನ ಹೆಚ್ಚಿಲ್ಲದೆ, ಒಂದು ದಿನ ಕಮ್ಮಿಯಿಲ್ಲದೆ.
ನ್ಯಾಯ ಎಲ್ಲಿ ಮುಗಿದು
ದಯೆ ಎಲ್ಲಿ ಶುರುವಾಯಿತೋ
ಆ ಬೆರಳುಗಳಲ್ಲಿ ನನಗೆ ಕಾಣಲಿಲ್ಲ.

ಮೂವತ್ತೆರಡು ಸಾವಿರಕ್ಕೆ ನಿಂತಿತು.
ಗಲ್ಲಾಪೆಟ್ಟಿಗೆಯಲ್ಲಿ ಒಂಬತ್ತಿತ್ತು, ಕೊಟ್ಟೆ.
ಎರಡು ಸಲ ಎಣಿಸಿದಳು,
ಸೆರಗಿನ ತುದಿಗೆ ಗಂಟು ಹಾಕಿಕೊಂಡಳು,
ಕ್ಷಮೆಯ ಮಾತೆತ್ತದೆ ಹೋದಳು.
ನಾಳೆಯೂ ಬರುತ್ತಾಳೆ.

ಹಿಂದೆಯೇ ಇನ್ನೊಂದು ಮೂಟೆ ನಿಂತಿತ್ತು.
ನಿನ್ನ ಹೆಸರೇನಮ್ಮ, ಅಂದೆ.
ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು,
ಪೊಲೀಸರು ಬಿಟ್ಟರೆ ಯಾರೂ ಕೇಳಿದ್ದಿಲ್ಲವೇನೋ.

"ಯಾಕಣ್ಣ?"

ಬಾಕಿ ಇದೆ, ಅಂದೆ.